ಕೈ ತೊಳೆಯಿರಿ, ವೀಣೆ ತೊಳೆಯಬೇಡಿ

ಇದು 2021ರ ಮಾತು, ಕೋವಿಡ್ ಕಾಲ. ಓದುಗರ ಸಂಗೀತದ ಪ್ರಶ್ನೆಗಳಿಗೆ ಉತ್ತರಿಸುವ ಈ ಅಂಕಣಕ್ಕೆ ಆ ಸಲ ರಾಗ, ತಾಳದ ಪ್ರಶ್ನೆ ಒಂದೂ ಬರಲಿಲ್ಲ. ಬಂದದ್ದೆಲ್ಲ ಸ್ಯಾನಿಟೈಸರ್, ಮಾಸ್ಕ್, ಕಿಟಕಿ, ಎಂಜಲಿನ ಪ್ರಶ್ನೆಗಳೇ. ಆ ವರ್ಷ ಆಗಸ್ಟ್ 23ರಿಂದ ಒಂಬತ್ತನೇ ತರಗತಿ ಮತ್ತು ಮೇಲಿನವರು, ಸೆಪ್ಟೆಂಬರ್ 6ರಿಂದ ಆರರಿಂದ ಎಂಟನೆಯವರು ಮತ್ತೆ ಶಾಲೆಗೆ ಹೋಗತೊಡಗಿದ್ದರು. ಅದರ ಹಿಂದೆಯೇ ಮನೆಮನೆಯ ಸಂಗೀತ ಪಾಠವೂ ಮತ್ತೆ ಶುರುವಾಗಿತ್ತು, ದಸರಾ ಬೇರೆ ಬಂತು, ಎಲ್ಲರಿಗೂ ವಾದ್ಯ ಹೊರಗೆ ತೆಗೆಯುವ ಆಸೆ, ಜೊತೆಗೆ ಭಯ.

ನಾನು ಡಾಕ್ಟರ್ ಅಲ್ಲ. ಮೈಸೂರಿನಲ್ಲಿ ಮನೆಯಲ್ಲೇ ವೀಣೆ ಮತ್ತು ಹಾಡುಗಾರಿಕೆ ಹೇಳಿಕೊಡುವವಳು. ಕೋವಿಡ್‌ನ ಆ ಒಂದೂವರೆ ವರ್ಷದಲ್ಲಿ ಓದಿದ್ದನ್ನು, ಡಾಕ್ಟರುಗಳನ್ನು ಕೇಳಿ ತಿಳಿದದ್ದನ್ನು, ವಾದ್ಯ ರಿಪೇರಿ ಮಾಡುವವರ ಪಕ್ಕದಲ್ಲಿ ಕೂತು ಕಲಿತದ್ದನ್ನು ಬರೆದಿದ್ದೇನೆ.

ಪ್ರಶ್ನೆ: ಮಗಳು ವೀಣೆ ಕಲಿಯುತ್ತಿದ್ದಾಳೆ. ಪಾಠದ ಮನೆಯಲ್ಲಿ ಎರಡೇ ವೀಣೆ, ಆರು ಮಕ್ಕಳು. ಒಬ್ಬರು ನುಡಿಸಿದ ಮೇಲೆ ಸ್ಯಾನಿಟೈಸರ್ ಹೊಡೆದು ಒರೆಸಿ ಇನ್ನೊಬ್ಬರಿಗೆ ಕೊಟ್ಟರೆ ಸಾಕಾ? ಬಿಸಿಲಿಗೆ ಇಡಬಹುದಾ? – ಒಬ್ಬ ತಾಯಿ, ಶಿವಮೊಗ್ಗ

ಎರಡೂ ಬೇಡ. ದಯವಿಟ್ಟು ಬೇಡ.

2020ರ ಜೂನ್‌ನಲ್ಲಿ ಈ ತಪ್ಪು ನಮ್ಮ ಮನೆಯಲ್ಲೇ ಆಯಿತು. ನಮ್ಮಮ್ಮನ ವೀಣೆಯ ಕೊಡದ, ಅಂದರೆ ಅದರ ದುಂಡನೆಯ ಭಾಗದ ಮೇಲೆ ಸ್ಯಾನಿಟೈಸರ್ ಹಾಕಿ ಒರೆಸಿದೆ. ಬಟ್ಟೆಗೆ ಕೆಂಪು ಬಣ್ಣ ಹತ್ತಿತು, ಒಣಗಿದ ಮೇಲೆ ನೋಡಿದರೆ ಅಂಗೈಯಷ್ಟು ಜಾಗದಲ್ಲಿ ಬೆಳ್ಳಗೆ ಮಾಸಿದ ಕಲೆ. ರಿಪೇರಿಯವರಿಗೆ ತೋರಿಸಿದಾಗ ಅವರು ಬೈಯಲಿಲ್ಲ, ಕಾರಣ ಹೇಳಿದರು. ಹಳೆಯ ವೀಣೆಗೆ ಹಾಕುವ ಪಾಲಿಶ್ ಅಂದರೆ ಅರಗು. ಅದನ್ನು ಸ್ಪಿರಿಟ್‌ನಲ್ಲಿ ಕರಗಿಸಿಯೇ ಹಚ್ಚುವುದು. ಸ್ಯಾನಿಟೈಸರ್ ಅಂದರೂ ಬಹುಪಾಲು ಸ್ಪಿರಿಟ್ಟೇ. ಹಚ್ಚುವಾಗ ಕರಗಿಸಿದ್ದು ಒರೆಸುವಾಗಲೂ ಕರಗಿಸುತ್ತದೆ ಅಲ್ವಾ? ಪಿಟೀಲಿನ ವಾರ್ನಿಷ್‌ಗೂ ಇದೇ ಮಾತು.

ಬಿಸಿಲು ಇನ್ನೂ ಕೆಟ್ಟದ್ದು. ವೀಣೆಯಲ್ಲಿ ತಂತಿಯ ಕೆಳಗಿರುವ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಬಿಸಿಲಿಗೆ ಮೇಣ ಮೆತ್ತಗಾಗುತ್ತದೆ, ಮೆಟ್ಟಿಲು ಕೂದಲೆಳೆಯಷ್ಟು ಸರಿದರೂ ಸ್ವರ ತಪ್ಪುತ್ತದೆ. ಆಮೇಲೆ ಹೊಸ ಮೇಣ ಹಾಕಿ ಮೆಟ್ಟಿಲು ಕೂರಿಸಬೇಕು, ಅದು ಎಲ್ಲರಿಗೂ ಬರುವ ಕೆಲಸ ಅಲ್ಲ, ಆ ಕೆಲಸ ಗೊತ್ತಿರುವವರು ಕೋವಿಡ್ ಕಾಲದಲ್ಲಿ ಊರೂರು ಸುತ್ತುತ್ತಲೂ ಇರಲಿಲ್ಲ.

ಹಾಗಾದರೆ ಏನು ಮಾಡಬೇಕು? ವೀಣೆ ತೊಳೆಯುವ ಬದಲು ಕೈ ತೊಳೆಯಿರಿ. ನುಡಿಸುವ ಮುಂಚೆ ಒಮ್ಮೆ, ನುಡಿಸಿ ಎದ್ದ ಮೇಲೆ ಒಮ್ಮೆ, ಸೋಪು ಹಾಕಿ 20 ಸೆಕೆಂಡ್. ವೀಣೆಯವರು ಉಗುರು ಬಿಟ್ಟಿರುತ್ತಾರೆ, ಉಗುರಿನ ಅಡಿಯನ್ನು ಮೆತ್ತನೆಯ ಬ್ರಷ್‌ನಲ್ಲಿ ಉಜ್ಜಿಸಿ. ಕೈ ಪೂರ್ತಿ ಒಣಗಿದ ಮೇಲೆಯೇ ವೀಣೆ ಮುಟ್ಟಬೇಕು, ಒದ್ದೆ ಕೈಯಿಂದ ತಂತಿಗೆ ತುಕ್ಕು ಹಿಡಿಯುತ್ತದೆ. ನೀರಿಲ್ಲದ ಕಡೆ ಕೈಗೆ ಸ್ಯಾನಿಟೈಸರ್ ಹಾಕಿಕೊಂಡರೆ ಅದು ಆರುವವರೆಗೆ ಕಾಯಿರಿ. ಕೆಲವದರಲ್ಲಿ ಗ್ಲಿಸರಿನ್ ಇರುತ್ತದೆ, ಬೆರಳು ತಂತಿಯ ಮೇಲೆ ಅಂಟುತ್ತದೆ, ತಂತಿಯ ಮೇಲೆ ಸ್ವರವನ್ನು ಜಾರಿಸಿ ಆಡಿಸುವ ಗಮಕ ಬರುವುದಿಲ್ಲ.

ಮಧ್ಯದಲ್ಲಿ ಒರೆಸಲೇಬೇಕು ಅನ್ನಿಸಿದರೆ ಒಣ ಹತ್ತಿ ಬಟ್ಟೆ ಸಾಕು. ಕೈ ತಗಲುವ ಕೊಡದ ಅಂಚು, ಉದ್ದನೆಯ ದಂಡಿ, ತಂತಿ ಬಿಗಿಸುವ ಬಿರಡೆ ಇಷ್ಟನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣ ಬಟ್ಟೆ ಆಡಿಸಿ. ಮೇಣದ ಹತ್ತಿರ ನೀರು ಹೋಗದಿರಲಿ.

ಇನ್ನೊಂದು ಸಂಗತಿ ಯಾರೂ ಕೇಳಿಲ್ಲ, ನಾನೇ ಹೇಳುತ್ತೇನೆ. ವೀಣೆ ಪಾಠದ ಮನೆಗಳಲ್ಲಿ ಒಂದು ಎಣ್ಣೆ ಬಟ್ಟಲು ಇರುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ನೆನೆದ ಹತ್ತಿ, ಎಲ್ಲ ಮಕ್ಕಳೂ ಎಡಗೈ ಬೆರಳು ಅದಕ್ಕೇ ಒತ್ತಿಕೊಳ್ಳುತ್ತಾರೆ. ನಮ್ಮ ಮನೆಯ ಬಟ್ಟಲು ಮೂವತ್ತು ವರ್ಷ ಹಾಗೇ ಇತ್ತು. ಈಗ ತೆಗೆದಿದ್ದೇನೆ. ಪ್ರತಿ ಮಗುವೂ ಸಣ್ಣ ಡಬ್ಬಿಯಲ್ಲಿ ತನ್ನದೇ ಹತ್ತಿ, ಎಣ್ಣೆ ತರುತ್ತದೆ. ತಂತಿ ಮೀಟಲು ಬೆರಳಿಗೆ ನಖಿ ಹಾಕುವವರು ಅದನ್ನೂ ಬದಲಾಯಿಸಿಕೊಳ್ಳಬಾರದು.

ಪ್ರಶ್ನೆ: ನಾವು ಹದಿನಾಲ್ಕು ಹೆಂಗಸರು ವಾರಕ್ಕೆರಡು ದಿನ ಸೇರಿ ದಾಸರ ಪದ ಕಲಿಯುತ್ತೇವೆ. ಬಾಗಿಲಲ್ಲೇ ಸ್ಯಾನಿಟೈಸರ್ ಇಟ್ಟಿದ್ದೇವೆ, ಜಮಖಾನ ಪ್ರತಿ ಸಲ ಒಗೆಯುತ್ತೇವೆ, ಹಾರ್ಮೋನಿಯಂ ಒರೆಸುತ್ತೇವೆ. ಇಷ್ಟು ಮಾಡಿದರೂ ಮನೆಯವರು ಬೇಡ ಅನ್ನುತ್ತಾರೆ. – ಹುಬ್ಬಳ್ಳಿ

ನೀವು ಇಷ್ಟು ಶ್ರದ್ಧೆಯಿಂದ ಮಾಡುತ್ತಿರುವುದು ನೋಡಿ ಖುಷಿಯಾಯಿತು, ಆದರೆ ನಿಮ್ಮ ಪತ್ರದಲ್ಲಿ ಒಂದು ಪದಕ್ಕಾಗಿ ಹುಡುಕಿದೆ, ಸಿಗಲಿಲ್ಲ. ಕಿಟಕಿ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸ್ಕ್ಯಾಜಿಟ್ ಕಣಿವೆ ಅಂತ ಒಂದು ಜಾಗ. ಅಲ್ಲಿಯ ಹಾಡುಗಾರರ ತಂಡ ನಿಮ್ಮ ಹಾಗೆಯೇ ವಾರವಾರ ಸೇರುತ್ತಿತ್ತು. 2020ರ ಮಾರ್ಚ್ 10ರ ಸಂಜೆ 61 ಜನ ಬಂದರು. ಅವರೂ ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟಿದ್ದರು, ತಬ್ಬಿಕೊಳ್ಳುವುದು, ಕೈಕುಲುಕುವುದು ಬೇಡ ಅಂತ ಜಾಗ್ರತೆ ಮಾಡಿದ್ದರು. ಎರಡೂವರೆ ಗಂಟೆ ಅಭ್ಯಾಸ ನಡೆಯಿತು. ಬಂದವರಲ್ಲಿ ಒಬ್ಬರಿಗೆ ನೆಗಡಿಯಂಥ ಲಕ್ಷಣ ಇತ್ತು, ಅಷ್ಟೇ. ಆಮೇಲೆ ಲೆಕ್ಕ ಹಾಕಿದರೆ ಆ 61ರಲ್ಲಿ 33 ಜನಕ್ಕೆ ಪರೀಕ್ಷೆಯಲ್ಲೇ ಕೋವಿಡ್ ಖಚಿತವಾಯಿತು, ಇನ್ನೂ 20 ಜನಕ್ಕೆ ಬಹುಮಟ್ಟಿಗೆ ಅದೇ ಎಂದು ತೀರ್ಮಾನಿಸಿದರು. ಇಬ್ಬರು ತೀರಿಕೊಂಡರು. ಹಾಡಲು ಬಂದ ಇಬ್ಬರು.

ಇದನ್ನು ಹೆದರಿಸಲು ಬರೆಯುತ್ತಿಲ್ಲ. ನಾವು ಒರೆಸುವುದಕ್ಕೆ ಕೊಡುವ ಶ್ರಮದ ಅರ್ಧವನ್ನಾದರೂ ಗಾಳಿಗೆ ಕೊಡಬೇಕು ಅಂತ ಬರೆಯುತ್ತಿದ್ದೇನೆ. ಮುಟ್ಟಿದ ವಸ್ತುವಿನಿಂದ ಸೋಂಕು ತಗಲುವ ಸಾಧ್ಯತೆ, ಪ್ರತಿ ಸಲದ ಮುಟ್ಟುವಿಕೆಗೆ, ಸಾಮಾನ್ಯವಾಗಿ 10,000ದಲ್ಲಿ ಒಂದಕ್ಕಿಂತ ಕಡಿಮೆ ಅಂತ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಹೇಳಿತು. ಮುಚ್ಚಿದ ಕೋಣೆಯಲ್ಲಿ ಹದಿನಾಲ್ಕು ಜನ ಬಾಯಿ ತೆರೆದು ಒಂದು ಗಂಟೆ ಹಾಡಿದರೆ ಆ ಗಾಳಿಯನ್ನೇ ಎಲ್ಲರೂ ಒಳಗೆಳೆದುಕೊಳ್ಳುತ್ತೀರಿ.

ಹಾಗಾಗಿ ಮೊದಲು ಜಾಗ ಬದಲಾಯಿಸಿ. ತಾರಸಿ, ಅಂಗಳ, ದೇವಸ್ಥಾನದ ಹೊರ ಪೌಳಿ, ಯಾವುದಾದರೂ ಸರಿ. ಒಳಗೇ ಕೂರಬೇಕಾದರೆ ಎದುರುಬದುರು ಎರಡು ಕಡೆ ಕಿಟಕಿ, ಬಾಗಿಲು ತೆರೆದಿರಲಿ. ಶ್ರುತಿ ಕೇಳಿಸುವುದಿಲ್ಲ, ರಸ್ತೆ ಸದ್ದು ಬರುತ್ತದೆ ಅಂತ ಮುಚ್ಚಬೇಡಿ, ಶ್ರುತಿ ಪೆಟ್ಟಿಗೆಯನ್ನು ಹತ್ತಿರ ಇಟ್ಟುಕೊಳ್ಳಿ. ಟೇಬಲ್ ಫ್ಯಾನ್ ಇದ್ದರೆ ಒಂದು ಕಿಟಕಿಯ ಬಳಿ ಹೊರಮುಖವಾಗಿ ಇಡಿ, ಒಳಗಿನ ಗಾಳಿಯನ್ನು ಅದು ಆಚೆ ತಳ್ಳುತ್ತದೆ. ಏಸಿ ಬೇಡ, ಮನೆಯ ಸಾಮಾನ್ಯ ಏಸಿ ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ. ಅಮೆರಿಕದ ಕೊಲೊರಾಡೊ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯಗಳವರು ಹಾಡು ಮತ್ತು ಊದುವ ವಾದ್ಯ ಎರಡನ್ನೂ ಪರೀಕ್ಷೆ ಮಾಡಿ ಹೇಳಿದ್ದು ಇದು: ಅರ್ಧ ಗಂಟೆ ಅಭ್ಯಾಸ, ಆಮೇಲೆ ಕೋಣೆಯ ಗಾಳಿ ಬದಲಾಗುವವರೆಗೆ ಬಿಡುವು. ನಾನು ಈಗ ಅರ್ಧ ಗಂಟೆಗೆ ಗಂಟೆ ಹೊಡೆದ ಹಾಗೆ ಎಲ್ಲರನ್ನೂ ಎಬ್ಬಿಸಿ ಹಿತ್ತಿಲಿಗೆ ಕಳಿಸುತ್ತೇನೆ.

ಹದಿನಾಲ್ಕು ಜನ ಒಟ್ಟಿಗೆ ಬೇಡ, ಏಳು ಏಳು ಮಾಡಿಕೊಳ್ಳಿ. ಸುತ್ತ ಮುಖಾಮುಖಿ ಕೂರದೆ ಎಲ್ಲರೂ ಒಂದೇ ದಿಕ್ಕಿಗೆ ಕೂರಿ. ಲಸಿಕೆಯ ಎರಡು ಡೋಸ್ ಆಗದವರು ಮೊದಲು ಅದನ್ನು ಮುಗಿಸಿ ಬನ್ನಿ. ಮೈ ಬಿಸಿ, ಗಂಟಲು ಕೆರೆತ ಇದ್ದವರು ಬರಲೇಬಾರದು. "ಸುಮ್ನೆ ಸ್ವಲ್ಪ ನೆಗಡಿ" ಅಂದುಕೊಂಡು ಬರುವ ಆ ಒಬ್ಬರಿಂದಲೇ ಸ್ಕ್ಯಾಜಿಟ್‌ನಲ್ಲಿ ಎಲ್ಲ ಆದದ್ದು. ಅವರದ್ದೂ ತಪ್ಪಲ್ಲ, ಆಗ ಯಾರಿಗೂ ಗೊತ್ತಿರಲಿಲ್ಲ. ಈಗ ನಮಗೆ ಗೊತ್ತಿದೆ.

ಪ್ರಶ್ನೆ: ಮಿಸ್, ನನಗೆ ಹನ್ನೆರಡು ವರ್ಷ. ಮಾಸ್ಕ್ ಹಾಕಿಕೊಂಡು ಹಾಡಿದರೆ ತಾರಸ್ಥಾಯಿಯ ಎತ್ತರದ ಸ್ವರಗಳು ಬರುವುದೇ ಇಲ್ಲ, ಉಸಿರು ಕಟ್ಟುತ್ತದೆ. ತೆಗೆದು ಹಾಡಬಹುದಾ? – ಹಾಸನ

ಪುಟ್ಟಾ, ಕಷ್ಟ ಆಗುವುದು ನಿಜ. ನನಗೂ ಆಗುತ್ತದೆ. 2021ರಲ್ಲಿ ನಿಮ್ಮ ವಯಸ್ಸಿನವರಿಗೆ ಲಸಿಕೆ ಇನ್ನೂ ಶುರುವಾಗಿರಲಿಲ್ಲ, ಅದಕ್ಕೇ ಬೇರೆ ಮಕ್ಕಳು ಪಕ್ಕದಲ್ಲಿದ್ದಾಗ ತೆಗೆಯಬೇಡ ಅಂದೆ.

ನಿನಗೆ ಒಂದು ಸಂಗತಿ ಹೇಳುತ್ತೇನೆ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2020ರಲ್ಲಿ 25 ಜನ ಕಲಾವಿದರನ್ನು ಕರೆಸಿ ಅಳೆದರು. ಹಾಡಿದರೂ ಮಾತಾಡಿದರೂ ದನಿಯ ಗಾತ್ರ ಒಂದೇ ಇದ್ದರೆ ಬಾಯಿಂದ ಬರುವ ಸಣ್ಣ ಕಣಗಳು ಹೆಚ್ಚುಕಡಿಮೆ ಅಷ್ಟೇ. ಆದರೆ ಮೆಲ್ಲಗಿನ ದನಿಗಿಂತ ಜೋರು ದನಿಯಲ್ಲಿ ಆ ಕಣಗಳ ಒಟ್ಟು ತೂಕ 20ರಿಂದ 30 ಪಟ್ಟು ಜಾಸ್ತಿ! ಅಂದರೆ ಮೆಲುದನಿಯಲ್ಲಿ ಕಲಿಯುವುದು ಒಳ್ಳೆಯದು. ಪಾಠದಲ್ಲಿ ಸರಳೆವರಸೆ, ಜಂಟಿವರಸೆಯಂಥ ಮೊದಲ ಅಭ್ಯಾಸಗಳನ್ನು ಮೆಲುದನಿಯಲ್ಲಿ, ನಿಧಾನದ ಮೊದಲ ಕಾಲದಲ್ಲಿ, ಮಾಸ್ಕ್ ಹಾಕಿಕೊಂಡೇ ಹಾಡು. ಮೇಲಿನ ಷಡ್ಜ ಮುಟ್ಟುವ ಅಭ್ಯಾಸವನ್ನು ಮನೆಯಲ್ಲಿ ಬೆಳಗ್ಗೆ ಮಾಸ್ಕ್ ಇಲ್ಲದೆ ಮಾಡು. ಒಂದು ಮಾಸ್ಕ್ ಜಾಸ್ತಿ ಚೀಲದಲ್ಲಿ ಇಟ್ಟುಕೊ, ಹಾಡಿ ಹಾಡಿ ಒದ್ದೆಯಾದರೆ ಉಸಿರು ಇನ್ನೂ ಕಟ್ಟುತ್ತದೆ, ಬದಲಾಯಿಸು. ತಲೆ ಸುತ್ತಿದ ಹಾಗಾದರೆ ನಿಲ್ಲಿಸಿ ಹೊರಗೆ ಹೋಗಿ ಮಾಸ್ಕ್ ತೆಗೆದು ಕೂರು, ಮಿಸ್ ಬೈಯುವುದಿಲ್ಲ.

ಇನ್ನೊಂದು. ಬೆರಳಿಗೆ ಎಂಜಲು ಹಚ್ಚಿ ಪುಸ್ತಕದ ಹಾಳೆ ತಿರುಗಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡು.

ಪ್ರಶ್ನೆ: ಕೊಳಲು ಪಾಠ ಮಾಡುತ್ತೇನೆ. ಹೊಸ ಮಕ್ಕಳಿಗೆ ನನ್ನ ಕೊಳಲಿನಲ್ಲೇ ಊದಿ ತೋರಿಸಿ, ಅದನ್ನೇ ಅವರ ಬಾಯಿಗೆ ಇಟ್ಟು ಹೇಳಿಕೊಡುವುದು ರೂಢಿ. ಡೆಟಾಲ್ ನೀರಿನಲ್ಲಿ ಅದ್ದಿ ಕೊಡಲೇ? – ಉಡುಪಿ

ಈ ರೂಢಿ ನಿಲ್ಲಿಸಲೇಬೇಕು ಸರ್. ಕೋವಿಡ್ ಹೋದ ಮೇಲೂ ನಿಲ್ಲಿಸಿದ್ದರೆ ಒಳ್ಳೆಯದು. ಬಾಯಿಗಿಡುವ ವಾದ್ಯವನ್ನು ಒರೆಸಿ, ತೊಳೆದು ಹಂಚಿಕೊಳ್ಳುವುದು ಅಂತ ಇಲ್ಲ. ಅದು ಒಬ್ಬರದ್ದು ಒಬ್ಬರಿಗೇ. ಹೊಸ ಮಗುವಿಗೆ ಸಾಧಾರಣ ಬೆಲೆಯ ಬಿದಿರಿನ ಕೊಳಲು ಮೊದಲ ದಿನವೇ ತರಿಸಿ. ಅದು ಬರುವ ತನಕ ಖಾಲಿ ಸೀಸೆಯ ಬಾಯಿಗೆ ಊದಿಸಿ, ತುಟಿಯ ಆಕಾರ ಬರುತ್ತದೆ.

ಬಿದಿರನ್ನು ನೀರಲ್ಲಿ ನೆನೆಸಬೇಡಿ, ಒಣಗುವಾಗ ಸೀಳುತ್ತದೆ. ಡೆಟಾಲ್ ಬೇಡವೇ ಬೇಡ, ತುಟಿಗೆ ತಗಲುವ ಜಾಗ ಅದು. ನುಡಿಸಿದ ಮೇಲೆ ಕಡ್ಡಿಗೆ ಹತ್ತಿ ಬಟ್ಟೆ ಸುತ್ತಿ ಒಳಗೆ ಆಡಿಸಿ ತೇವ ತೆಗೆಯಿರಿ, ಊದುವ ರಂಧ್ರದ ಸುತ್ತ ಸೋಪುನೀರಲ್ಲಿ ಅದ್ದಿ ಹಿಂಡಿದ ಬಟ್ಟೆ, ಆಮೇಲೆ ಬರೀ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ. ಆ ಬಟ್ಟೆಗಳನ್ನು ದಿನಾ ಒಗೆಯಿರಿ. ಮಕ್ಕಳು ಕೊಳಲನ್ನು ಜಾಡಿಸಿ ನೀರು ಹಾರಿಸುವುದನ್ನು ನಿಲ್ಲಿಸಿ, ಆ ನೀರು ಬಟ್ಟೆಗೆ ಇಳಿಯಲಿ.

ನೀವು ಕೂರುವ ಜಾಗವೂ ಮುಖ್ಯ. ಕೊಳಲಿನವರ ಉಸಿರೆಲ್ಲ ಕೊಳಲೊಳಗೆ ಹೋಗುವುದಿಲ್ಲ, ರಂಧ್ರದ ಮೇಲೆ ಹಾದು ಮುಂದಕ್ಕೆ ಬರುತ್ತದೆ. ಮಗುವಿನ ಎದುರಿಗೆ ಕೂರಬೇಡಿ, ಪಕ್ಕಕ್ಕೆ ಕೂರಿ, ನಡುವೆ ಆರಡಿ ಇರಲಿ.

ನಿಮ್ಮ ಕರಾವಳಿಯಲ್ಲಿ ಸ್ಯಾಕ್ಸೊಫೋನ್ ಕಲಿಯುವ ಮಕ್ಕಳು ಬಹಳ, ಸ್ಯಾಕ್ಸೊಫೋನ್ ವಿದ್ವಾಂಸ ಕದ್ರಿ ಗೋಪಾಲನಾಥರ ಪ್ರಭಾವ ಅದು. ಅವರಿಗೂ ಎರಡು ಮಾತು. ಬಾಯಿಗಿಡುವ ತುದಿ ಮತ್ತು ಅದಕ್ಕೆ ಕಟ್ಟಿದ ತೆಳು ಪಟ್ಟಿ, ರೀಡ್, ಎರಡನ್ನೂ ಬಿಚ್ಚಿ ಉಗುರುಬೆಚ್ಚಗಿನ ಸೋಪುನೀರಲ್ಲಿ ತೊಳೆದು ಒಣಗಿಸಿ. ಕುದಿಯುವ ನೀರು ಬೇಡ, ತುದಿಯ ಕಪ್ಪು ಎಬೊನೈಟ್, ಅಂದರೆ ಗಡಸು ರಬ್ಬರ್, ಬಣ್ಣಗೆಡುತ್ತದೆ. ಉಳಿದ ಹಿತ್ತಾಳೆ ಮೈಗೆ ನೀರು ಸುರಿಯಬೇಡಿ, ಒತ್ತುವ ಕೀಲಿಗಳ ಕೆಳಗೆ ಚರ್ಮದ ಬಿಲ್ಲೆಗಳಿವೆ, ನೆನೆದರೆ ಉಬ್ಬಿಕೊಳ್ಳುತ್ತವೆ. ಓಲಗದವರು ತುದಿಗೆ ಸಿಕ್ಕಿಸಿ ಊದುವ ಪೀಪಿಗೂ ಇದೇ ನಿಯಮ. ತಂಡದಲ್ಲಿ ಪೀಪಿ ಅದಲುಬದಲು ಬೇಡ, ಒಬ್ಬೊಬ್ಬರದ್ದು ಒಂದೊಂದು ಗಾಳಿಯಾಡುವ ಡಬ್ಬಿ. ಮೋರ್ಚಿಂಗ್ ಅಂತೂ ಹಲ್ಲಿನ ನಡುವೆ ಇಡುವ ವಾದ್ಯ, ಯಾರಿಗೂ ಕೊಡಬೇಡಿ, ಯಾರಿಂದಲೂ ತೆಗೆದುಕೊಳ್ಳಬೇಡಿ.

ಪ್ರಶ್ನೆ: ನಮ್ಮ ಊರ ಭಜನಾ ಮಂಡಳಿಗೆ ಒಂದೇ ಹಾರ್ಮೋನಿಯಂ, ಒಂದೇ ಮೈಕು, ನಾಲ್ಕು ಜೊತೆ ತಾಳ. ಶನಿವಾರದ ಭಜನೆ ಮತ್ತೆ ಶುರು ಮಾಡಿದ್ದೇವೆ. ಹೇಗೆ ಶುಚಿಯಾಗಿಡುವುದು? – ಚಿಕ್ಕನಾಯಕನಹಳ್ಳಿ

ಹಾರ್ಮೋನಿಯಂ ಮೇಲೆ ಏನನ್ನೂ ಸ್ಪ್ರೇ ಮಾಡಬೇಡಿ. ಬೆರಳಿನಿಂದ ಒತ್ತುವ ಮನೆಗಳ ಸಂದಿಯಲ್ಲಿ ನೀರು ಇಳಿದರೆ ಒಳಗಿನ ಹಿತ್ತಾಳೆ ರೀಡುಗಳಿಗೆ ಹೋಗುತ್ತದೆ, ಸ್ವರ ಒಡೆಯುತ್ತದೆ. ಹಿಂಡಿದ ಬಟ್ಟೆಯಲ್ಲಿ ಒಂದೊಂದೇ ಮನೆಯನ್ನು ಹಿಂದಿನಿಂದ ಮುಂದಕ್ಕೆ ಒರೆಸಿ, ತಿದಿಯ ಹಿಡಿಕೆ ಮರೆಯಬೇಡಿ, ಎಲ್ಲರ ಕೈ ತಗಲುವುದು ಅಲ್ಲೇ. ಆ ದಿನ ಒಬ್ಬರೇ ನುಡಿಸಿದರೆ ಇಷ್ಟೂ ಕೆಲಸ ಉಳಿಯುತ್ತದೆ.

ತಾಳಗಳನ್ನು ಸೋಪು, ಹುಣಸೆಹಣ್ಣು ಹಾಕಿ ತೊಳೆಯಬಹುದು, ಲೋಹಕ್ಕೆ ಏನೂ ಆಗುವುದಿಲ್ಲ. ಆದರೆ ತಾಳದ ದಾರ ನೋಡಿದ್ದೀರಾ? ವರ್ಷಗಟ್ಟಲೆ ಬೆವರು ಕುಡಿದು ಕಪ್ಪಾಗಿರುತ್ತದೆ. ಅದನ್ನು ಕಿತ್ತು ಹೊಸ ದಾರ ಕಟ್ಟಿ.

ಮೈಕೇ ನಿಜವಾದ ತೊಂದರೆ. ಎಲ್ಲರೂ ತುಟಿ ತಾಗಿಸಿ ಹಾಡುತ್ತಾರೆ. ಮೈಕಿನ ಸ್ಪಂಜಿನ ಟೊಪ್ಪಿಗೆ ಕಡಿಮೆ ಬೆಲೆಗೆ ಸಿಗುತ್ತದೆ, ಹಾಡುವ ಪ್ರತಿಯೊಬ್ಬರಿಗೂ ಒಂದೊಂದು ತರಿಸಿ ಹೆಸರು ಬರೆದಿಡಿ, ಮನೆಗೆ ಒಯ್ದು ಸೋಪಿನಲ್ಲಿ ಒಗೆದು ತರಲಿ. ತಲೆಯ ಜಾಲರಿ ತಿರುಗಿಸಿ ಬಿಚ್ಚುವಂಥದ್ದಾದರೆ ಅದನ್ನು ಮಾತ್ರ ಬಿಚ್ಚಿ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ. ಇಷ್ಟಾಗಿ ಹೇಳುತ್ತೇನೆ, ಭಜನೆಯನ್ನು ಗರ್ಭಗುಡಿಯ ಮುಂದಿನ ಮುಚ್ಚಿದ ಮಂಟಪದಲ್ಲಿ ಮಾಡುವ ಬದಲು ಹೊರಗಿನ ಕಟ್ಟೆಯ ಮೇಲೆ ಮಾಡಿದರೆ ಮೇಲೆ ಹೇಳಿದ್ದೆಲ್ಲ ಸೇರಿ ಕೊಡುವುದಕ್ಕಿಂತ ಜಾಸ್ತಿ ರಕ್ಷಣೆ ಸಿಗುತ್ತದೆ.

ಪ್ರಶ್ನೆ: ಕೈ ಹಿಡಿದು ಕಲಿಸದೆ ಪಿಟೀಲು, ವೀಣೆ ಕಲಿಸುವುದು ಹೇಗೆ? ಮಕ್ಕಳಿಗೆ ಶ್ರುತಿ ಮಾಡಿಕೊಳ್ಳಲೂ ಬರುವುದಿಲ್ಲ, ಪ್ರತಿ ಪಿಟೀಲೂ ನಾನೇ ಮುಟ್ಟಬೇಕು. – ಒಬ್ಬ ಶಿಕ್ಷಕಿ, ಬೆಂಗಳೂರು

ನಿಮ್ಮ ಪ್ರಶ್ನೆ ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ನನ್ನ ಗುರುಗಳು ನನ್ನ ತೋರುಬೆರಳಿನ ಮೇಲೆ ತಮ್ಮ ಬೆರಳಿಟ್ಟು ತಂತಿ ಎಳೆಸಿ ಗಾಂಧಾರದ ಗಮಕ ಹೇಳಿಕೊಟ್ಟಿದ್ದು. ಎಷ್ಟು ಎಳೆಯಬೇಕು ಅನ್ನುವುದು ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗಿತ್ತು. ಅದನ್ನು ಮಾತಿನಲ್ಲಿ ಹೇಳಲು ಆಗುವುದಿಲ್ಲ.

ಆದರೂ ಮುಟ್ಟುವುದನ್ನು ಪೂರ್ತಿ ಬಿಡಬೇಕಿಲ್ಲ ಅಂತ ನನ್ನ ಅಭಿಪ್ರಾಯ. ನಿಮಗೆ ಎರಡು ಡೋಸ್ ಆಗಿದೆ, ಇಬ್ಬರಿಗೂ ಮಾಸ್ಕ್ ಇದೆ, ಕಿಟಕಿ ತೆರೆದಿದೆ, ಇಬ್ಬರೂ ಕೈ ತೊಳೆದಿದ್ದೀರಿ ಅಂದರೆ ಮಗುವಿನ ಹಿಂದೆ ನಿಂತು ಅರ್ಧ ನಿಮಿಷ ಕಮಾನಿನ ಕೈ ಹಿಡಿದು ತೋರಿಸಬಹುದು. ಮುಖ ಮುಖದ ಹತ್ತಿರ ಬಾರದಿರಲಿ, ಆಗ ಮಾತಾಡಬೇಡಿ. ತೋರಿಸಿ ಸರಿದು ನಿಂತು, ಆಮೇಲೆ ಹೇಳಿ. ಮಗುವಿನ ಎದುರಿಗೆ ಒಂದು ಉದ್ದ ಕನ್ನಡಿ ಇಡಿ, ಮೊಣಕೈ ಎಲ್ಲಿ ಬೀಳುತ್ತಿದೆ ಅಂತ ಮಗುವೇ ನೋಡಿಕೊಳ್ಳುತ್ತದೆ. ನಾನು ಇದನ್ನು ಕೋವಿಡ್‌ಗಾಗಿ ಶುರು ಮಾಡಿದೆ, ಇನ್ನು ತೆಗೆಯುವುದಿಲ್ಲ.

ಶ್ರುತಿ ಮಾಡುವಾಗ ಮಗು ಪಿಟೀಲನ್ನು ಮೇಜಿನ ಮೇಲಿಟ್ಟು ದೂರ ನಿಲ್ಲಲಿ, ನೀವು ಶ್ರುತಿ ಮಾಡಿ ಇಟ್ಟು ಸರಿಯಿರಿ. ಬೆರಳಿಗೆ ಬಲ ಬಂದ ಮಕ್ಕಳಿಗೆ ಈಗಲೇ ಬಿರಡೆ ತಿರುಗಿಸುವುದು ಕಲಿಸಿ. ಗಲ್ಲ ಇಡುವ ಜಾಗಕ್ಕೆ ಮನೆಯಿಂದ ತಂದ ಕರ್ಚೀಫ್ ಹಾಕಿಕೊಳ್ಳಲಿ, ಕಮಾನಿಗೆ ಉಜ್ಜುವ ರಾಳ ಹಂಚಿಕೊಳ್ಳುವುದು ಬೇಡ. ಕಾಲು ಮುಟ್ಟಿ ನಮಸ್ಕಾರವನ್ನು ನಾನು ನಿಲ್ಲಿಸಿದ್ದೇನೆ, ಹೊಸ್ತಿಲಲ್ಲೇ ಕೈ ಮುಗಿದು ಬರುತ್ತಾರೆ. ಭಕ್ತಿ ಏನೂ ಕಡಿಮೆಯಾಗಿಲ್ಲ.

ಪ್ರಶ್ನೆ: ವಾದ್ಯ ಇಡಲು ಯುವಿ (ನೇರಳಾತೀತ) ಲೈಟಿನ ಪೆಟ್ಟಿಗೆ ಕೊಳ್ಳಬೇಕಾ? ಪಾಠದ ಕೋಣೆಗೆ ಸಾಂಬ್ರಾಣಿ ಹೊಗೆ ಹಾಕಿದರೆ ವೈರಸ್ ಸಾಯುತ್ತದಾ? – ದಾವಣಗೆರೆ

ಪೆಟ್ಟಿಗೆ ಬೇಡ. ಆ ಬೆಳಕು ಕಣ್ಣಿಗೆ, ಚರ್ಮಕ್ಕೆ ಅಪಾಯ. ನೆರಳು ಬಿದ್ದ ಜಾಗಕ್ಕೆ ತಲುಪುವುದಿಲ್ಲ, ವಾದ್ಯದಲ್ಲಿ ಮೂಲೆ ಸಂದಿಗಳೇ ಜಾಸ್ತಿ. ಆ ದುಡ್ಡಿಗೆ ಕೋಣೆಗೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಹೊಗೆಯಿಂದ ವೈರಸ್ ಹೋಗುತ್ತದೆ ಅಂತ ನಂಬಿಕೊಂಡು ಕೂರಬೇಡಿ, ಹಾಡುವವರ ಗಂಟಲು ಕೆರೆಯುತ್ತದೆ, ಕೆಮ್ಮು ಬರುತ್ತದೆ. ದೇವರಿಗೆ ಹಾಕುವುದಿದ್ದರೆ ಪಾಠ ಮುಗಿದ ಮೇಲೆ ಹಾಕಿ.

ಆಯುಧಪೂಜೆಗೂ ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಅರಿಸಿನ, ಕುಂಕುಮ, ಗಂಧ ನೇರ ವಾದ್ಯಕ್ಕೆ ಹಚ್ಚಬೇಡಿ. ಆಮೇಲೆ ಅದನ್ನು ತೆಗೆಯಲು ಒದ್ದೆ ಬಟ್ಟೆಯಲ್ಲಿ ಉಜ್ಜುತ್ತೀರಿ, ಪಾಲಿಶೂ ಚರ್ಮವೂ ಹಾಳಾಗುತ್ತವೆ. ಒಂದು ವೀಳ್ಯದೆಲೆಗೆ ಹಚ್ಚಿ ವಾದ್ಯದ ಮೇಲಿಡಿ.

ಪ್ರಶ್ನೆ: ಮೃದಂಗದ ಚರ್ಮವನ್ನು ಹೇಗೆ ಶುಚಿ ಮಾಡುವುದು? ತರಗತಿಯಲ್ಲಿ ನಾಲ್ಕು ಮೃದಂಗ, ಒಂಬತ್ತು ಮಕ್ಕಳು. – ಮಂಡ್ಯ

ಒಣ ಬಟ್ಟೆ, ಅಷ್ಟೇ. ಸ್ಯಾನಿಟೈಸರ್ ತಾಗಿದರೆ ಚರ್ಮದ ಜಿಡ್ಡು ಹೋಗಿ ಬಿರುಸಾಗುತ್ತದೆ. ಬಲಗಡೆಯ ಕಪ್ಪು ಬಿಲ್ಲೆ, ಕರಣೆ ಅಂದರೆ ಕಲ್ಲಿನ ಪುಡಿ ಮತ್ತು ಅನ್ನ ಅರೆದು ಪದರಪದರವಾಗಿ ಕೂರಿಸಿದ್ದು, ತೇವ ತಾಗಿದರೆ ಏಳುತ್ತದೆ. ಮರದ ಮೈ ಮಾತ್ರ ಹಿಂಡಿದ ಬಟ್ಟೆಯಲ್ಲಿ ಒರೆಸಬಹುದು. ಶ್ರುತಿ ಮಾಡುವ ಕಲ್ಲು, ಮರದ ತುಂಡು ಎರಡನ್ನೂ ಸೋಪಿನಲ್ಲಿ ತೊಳೆಯಿರಿ, ಅವಕ್ಕೆ ಏನೂ ಆಗುವುದಿಲ್ಲ. ದಪ್ಪ ದನಿ ಬರಲೆಂದು ಎಡಗಡೆಯ ಚರ್ಮಕ್ಕೆ ಹಚ್ಚುವ ರವೆಯನ್ನು ಎಲ್ಲರಿಗೂ ಒಂದೇ ಬಟ್ಟಲಲ್ಲಿ ಕಲಸಬೇಡಿ. ಪ್ರತಿ ಮಗುವೂ ತನ್ನದನ್ನು ಕಲಸಿ, ಹಚ್ಚಿ, ಎದ್ದು ಹೋಗುವ ಮುಂಚೆ ಕೆರೆದು ತೆಗೆದು ಕೈ ತೊಳೆಯಲಿ.

ಮೃದಂಗಕ್ಕಿಂತ ಜಾಸ್ತಿ ಎಚ್ಚರ ಬೇಕಾದದ್ದು ಸೊಲ್ಲುಕಟ್ಟಿಗೆ, ಅಂದರೆ ಮೃದಂಗದ ನುಡಿಗಳನ್ನು ಬಾಯಲ್ಲಿ ಹೇಳುವುದಕ್ಕೆ. ತ, ಕ, ಧಿ, ಮಿ ಅಂತ ಒಂಬತ್ತು ಮಕ್ಕಳು ಒಟ್ಟಿಗೆ ಜೋರಾಗಿ ಹೇಳಿದರೆ ಎಷ್ಟು ಉಗುಳು ಹಾರುತ್ತದೆ ಅಂತ ಬಿಸಿಲುಕೋಲಿನಲ್ಲಿ ನೋಡಿದರೆ ಗೊತ್ತಾಗುತ್ತದೆ. ಸೊಲ್ಲುಕಟ್ಟನ್ನು ಒಬ್ಬೊಬ್ಬರೇ ಹೇಳಲಿ, ಉಳಿದವರು ಕೈಯಲ್ಲಿ ತಾಳ ಹಾಕಲಿ. ನಾಲ್ಕು ಮೃದಂಗಕ್ಕೆ ನಾಲ್ಕೇ ಮಕ್ಕಳ ಸರದಿ ಮಾಡಿ.

ಪ್ರಶ್ನೆ: ಅಪ್ಪ ಮೃದಂಗ ನುಡಿಸುತ್ತಿದ್ದರು. ಮೇ ತಿಂಗಳಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಮೃದಂಗ ಅವರ ಕೋಣೆಯಲ್ಲೇ ಇತ್ತು, ಕಾಯಿಲೆ ಶುರುವಾದ ದಿನವೂ ನುಡಿಸಿದ್ದರು. ಈಗ ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದೇವೆ. ನನ್ನ ಮಗನಿಗೆ ಹತ್ತು ವರ್ಷ, ತಾತನ ಮೃದಂಗ ಬೇಕು ಅನ್ನುತ್ತಾನೆ. ಅಮ್ಮ ಮುಟ್ಟಲು ಬಿಡುತ್ತಿಲ್ಲ, ಸುಟ್ಟುಬಿಡಿ ಅನ್ನುತ್ತಾರೆ. ಮುಟ್ಟಬಹುದಾ? – ತುಮಕೂರು

ಮುಟ್ಟಬಹುದು. ಸುಡಬೇಡಿ.

ನಿಮ್ಮ ತಾಯಿಗೆ ಇದನ್ನು ಓದಿ ಹೇಳಿ. ಅಮ್ಮಾ, ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿದಾಗ ಈ ವೈರಸ್ ಪ್ಲಾಸ್ಟಿಕ್ ಮೇಲೆ ಹೆಚ್ಚೆಂದರೆ 72 ಗಂಟೆ, ರಟ್ಟಿನ ಮೇಲೆ 24 ಗಂಟೆ ಸಿಕ್ಕಿತು. ಆ ಮೃದಂಗ ಅಟ್ಟಕ್ಕೆ ಹೋಗಿ ನಾಲ್ಕು ತಿಂಗಳಾಗಿದೆ. ಅದರ ಮೇಲೆ ಈಗ ಕಾಯಿಲೆ ಇಲ್ಲ. ಅವರ ಕೈಯ ಸವೆತ ಇದೆ, ಅಷ್ಟೇ. ನಿಮಗೆ ಅದನ್ನು ನೋಡಲು ಆಗುತ್ತಿಲ್ಲ ಅನ್ನುವುದು ಬೇರೆ ಮಾತು, ಅದಕ್ಕೆ ಎಷ್ಟು ದಿನ ಬೇಕೋ ತೆಗೆದುಕೊಳ್ಳಿ. ಆದರೆ ಭಯದಿಂದ ದೂರ ಇಡಬೇಕಾಗಿಲ್ಲ.

ಇನ್ನು ನಿಮಗೆ. ಅಟ್ಟದಿಂದ ಬೇಗ ಇಳಿಸಿ, ಮಳೆಗಾಲದ ತೇವಕ್ಕೆ ಚರ್ಮಕ್ಕೆ ಬೂಷ್ಟು ಬಂದಿರಬಹುದು. ಮಾಸ್ಕ್ ಹಾಕಿಕೊಂಡೇ ಚೀಲ ಬಿಚ್ಚಿ, ಬೂಷ್ಟಿನ ಧೂಳಿಗಾಗಿ. ಬಿಸಿಲಿಗಿಡಬೇಡಿ. ಎರಡು ಮೂರು ದಿನ ಗಾಳಿಯಾಡುವ ನೆರಳಲ್ಲಿ ಇಡಿ, ಒಣ ಬಟ್ಟೆಯಲ್ಲಿ ಒರೆಸಿ. ಬಾರು ಸಡಿಲವಾಗಿದ್ದರೆ ನೀವೇ ಎಳೆಯಲು ಹೋಗಬೇಡಿ, ಮೃದಂಗ ಕಟ್ಟುವವರ ಹತ್ತಿರ ಒಯ್ಯಿರಿ. ಕೋವಿಡ್‌ನ ಒಂದೂವರೆ ವರ್ಷ ಕಛೇರಿ ಇಲ್ಲದೆ ಅವರಿಗೂ ಕೆಲಸ ಇರಲಿಲ್ಲ, ಸಂತೋಷದಿಂದ ಮಾಡಿಕೊಡುತ್ತಾರೆ.

ಎಡಗಡೆ ನೋಡಿ. ಕಾಯಿಲೆಯ ದಿನ ನುಡಿಸಿದ್ದರು ಅಂತ ಬರೆದಿದ್ದೀರಿ, ರವೆ ತೆಗೆದಿರುವುದಿಲ್ಲ, ಅಲ್ಲೇ ಒಣಗಿ ಗಟ್ಟಿಯಾಗಿರುತ್ತದೆ. ಅದನ್ನು ತೆಗೆಯಲು ಮನಸ್ಸು ಬರಲಿಕ್ಕಿಲ್ಲ. ಆದರೆ ಬಿಟ್ಟರೆ ಜಿರಳೆ, ಇಲಿ ಬಂದು ಚರ್ಮವನ್ನೂ ಕಡಿಯುತ್ತವೆ. ಸ್ವಲ್ಪ ನೀರು ತಟ್ಟಿ, ಹತ್ತು ನಿಮಿಷ ಬಿಟ್ಟು, ಮೆತ್ತಗಾದ ಮೇಲೆ ಬೆರಳಿನಿಂದಲೇ ನಿಧಾನವಾಗಿ ಬಿಡಿಸಿ. ಚಾಕು ಬೇಡ. ಬೇಕಿದ್ದರೆ ಆ ಕೆಲಸ ನಿಮ್ಮ ಮಗನ ಕೈಯಲ್ಲಿ ಮಾಡಿಸಿ. ಆಮೇಲೆ ಹೊಸ ರವೆ ಹೇಗೆ ಕಲಸಿ ಹಚ್ಚುವುದು ಅಂತ ಅವನ ಮೇಷ್ಟ್ರು ಹೇಳಿಕೊಡುತ್ತಾರೆ.